ಅಶ್ವಗಂಧಕ್ಕೆ ಯಾವ ಹಾರ್ಮೋನು, ಎಷ್ಟು?

ಪ್ರಶ್ನೆ: ಮಸಾರಿ ಹೊಲದಲ್ಲಿ ಪುಷ್ಯ ಮಳೆಗೆ ಅಶ್ವಗಂಧ ಬಿತ್ತಿದ್ದೇವೆ. ಮಘೆ ಕೈಕೊಟ್ಟಿತು. ಗಿಡಕ್ಕೆ ನಲವತ್ತು ದಿನ, ಮಧ್ಯಾಹ್ನ ಎಲೆ ಜೋಲುತ್ತದೆ. ಅಂಗಡಿಯವರು ಜಿಬ್ಬರೆಲಿಕ್ ಆಮ್ಲ ಹೊಡೆಯಿರಿ ಅನ್ನುತ್ತಾರೆ. ಹೊಡೆಯಬಹುದೇ?
– ಓದುಗರು, ಹಿರಿಯೂರು

ಉತ್ತರ: ಈಗ ಬೇಡ. ಜಿಬ್ಬರೆಲಿಕ್ ಆಮ್ಲ ಬೆಳವಣಿಗೆಯ ಹಾರ್ಮೋನು, ಕಾಂಡವನ್ನು ಉದ್ದಕ್ಕೆ ಎಳೆಯುತ್ತದೆ. ಉದ್ದವಾದ ಗಿಡ ಇನ್ನಷ್ಟು ನೀರು ಕೇಳುತ್ತದೆ, ನಿಮ್ಮಲ್ಲಿ ಇಲ್ಲದ್ದೇ ಅದು. ನೀವು ಮಾರುವುದೂ ಬೇರನ್ನು, ಎತ್ತರವನ್ನಲ್ಲ.

ಬರದ ಹೊತ್ತಿಗೆ ಒದಗುವುದು ಸ್ಯಾಲಿಸಿಲಿಕ್ ಆಮ್ಲ. ಗಿಡ ತಾನೇ ತಯಾರಿಸಿಕೊಳ್ಳುವ ಹಾರ್ಮೋನು ಇದು. ಹೊರಗಿನಿಂದ ಸ್ವಲ್ಪ ಕೊಟ್ಟರೆ ಎಲೆಯ ರಂಧ್ರಗಳು ಅರೆಮುಚ್ಚುತ್ತವೆ, ಬಿಸಿಲು-ಬರದಿಂದ ಜೀವಕೋಶಕ್ಕಾಗುವ ಹಾನಿ ತಡೆಯುವ ಕಿಣ್ವಗಳು ಚುರುಕಾಗುತ್ತವೆ. ಹೆಚ್ಚಾದರೆ ಅದೇ ಎಲೆಯಂಚು ಸುಡುತ್ತದೆ, ಬೆಳವಣಿಗೆ ನಿಲ್ಲುತ್ತದೆ.

15 ಲೀಟರ್ ಟ್ಯಾಂಕಿಗೆ ಶುದ್ಧ ಪುಡಿ 1 ಗ್ರಾಂ ಸಾಕು. ಚಮಚದ ಅಂದಾಜು ನಂಬಬೇಡಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲೇ ತೂಗಿ. ತಣ್ಣೀರಿಗೆ ನೇರ ಸುರಿದರೆ ಕರಗದೆ ತೇಲುತ್ತದೆ, ನಾಝಲ್ ಕಟ್ಟುತ್ತದೆ. ಮೊದಲು 1 ಲೀಟರ್ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಆರಿದ ಮೇಲೆ ಟ್ಯಾಂಕಿಗೆ ಹಾಕಿ. ಪ್ಲಾಸ್ಟಿಕ್ ಪಾತ್ರೆ ಬಳಸಿ. ತುಕ್ಕು ಹಿಡಿದ ಡಬ್ಬಿಯಾದರೆ ದ್ರಾವಣ ನೇರಳೆಗೆ ತಿರುಗುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಕ್ಷಾರೀಯ. ಅದರಲ್ಲಿ ಆಮ್ಲ ಲವಣವಾಗಿಬಿಡುತ್ತದೆ, ಎಲೆಯೊಳಗೆ ಇಳಿಯುವುದು ಕಡಿಮೆ. ಮಳೆನೀರು, ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದ ನೀರು ತನ್ನಿ.

ಮೊದಲು ಎರಡು ಸಾಲಿಗೆ ಮಾತ್ರ ಹೊಡೆದು ಮೂರು ದಿನ ನೋಡಿ. ಅಂಚು ಕಂದದಿದ್ದರೆ ಉಳಿದದ್ದಕ್ಕೆ ಸಂಜೆ ಹೊಡೆಯಿರಿ, 15 ದಿನ ಬಿಟ್ಟು ಇನ್ನೊಮ್ಮೆ. ಬೆಳಗ್ಗೆಯೂ ಎಲೆ ಜೋತೇ ಇದ್ದರೆ ಹೊಡೆಯುವುದು ದಂಡ, ಅದಕ್ಕೆ ಬೇಕಿರುವುದು ಒಂದು ನೀರು. ಬೇರಿನ ವಿಥನೊಲೈಡ್ (ಔಷಧಗುಣದ) ಅಂಶ ಇದರಿಂದ ಹೆಚ್ಚುತ್ತದೆ ಎಂಬುದು ಪ್ರಯೋಗಾಲಯದ ಪಾತ್ರೆಯಲ್ಲಿ ಬೆಳೆಸಿದ ಬೇರಿನಲ್ಲಿ ಕಂಡ ಮಾತು. ಹೊಲದಲ್ಲಿ ಅದನ್ನು ನಂಬಿ ಬೆಲೆ ಲೆಕ್ಕ ಹಾಕಬೇಡಿ. ಸಾವಯವ ಪ್ರಮಾಣಪತ್ರ ಇದ್ದವರು ಕೊಟ್ಟವರನ್ನು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ಸ್ಯಾಲಿಸಿಲಿಕ್ ಆಮ್ಲದ ಪುಡಿ ಸಿಗಲಿಲ್ಲ. ಆಸ್ಪಿರಿನ್ ಮಾತ್ರೆ ಕರಗಿಸಿ ಹೊಡೆದರೆ?
– ಓದುಗರು, ಚಳ್ಳಕೆರೆ

ಉತ್ತರ: ಆಸ್ಪಿರಿನ್ ಬೇರೆ ವಸ್ತು. ನೀರಿನಲ್ಲಿ ಒಡೆದು ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ ನಿಜ, ಆದರೆ ನಿಧಾನ. ಎಷ್ಟು ಒಡೆದಿದೆ ಎಂದು ಹೊಲದಲ್ಲಿ ತಿಳಿಯದು. ಮಾತ್ರೆಯ ಪಿಷ್ಟ ನಾಝಲ್‌ಗೆ ಕುತ್ತು. ಸ್ಯಾಲಿಸಿಲಿಕ್ ಆಮ್ಲ ಇದೆಯೆಂದು ಆಣಿಗೆ ಹಚ್ಚುವ ಮುಲಾಮಂತೂ ಬೇಡವೇ ಬೇಡ.

ಪ್ರಶ್ನೆ: ಅಶ್ವಗಂಧದ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಜಿಬ್ಬರೆಲಿಕ್ ಆಮ್ಲದಲ್ಲಿ ನೆನೆಸಬೇಕಂತೆ?
– ಓದುಗರು, ಮೊಳಕಾಲ್ಮೂರು

ಉತ್ತರ: ಇಲ್ಲಿ ಅದಕ್ಕೆ ಕೆಲಸವಿದೆ, ಬೀಜದ ನಿದ್ದೆ ಮುರಿಯುತ್ತದೆ. ಸಾಮಾನ್ಯ ಪ್ರಮಾಣ 500 ಪಿಪಿಎಂ (ಹತ್ತು ಲಕ್ಷ ಪಾಲಿಗೆ 500 ಪಾಲು), ಅಂದರೆ ಲೀಟರಿಗೆ ಅರ್ಧ ಗ್ರಾಂ ಶುದ್ಧ ಪುಡಿ; ಒಂದು ದಿನ ನೆನೆಸಿ ನೆರಳಲ್ಲಿ ಆರಿಸಿ ಬಿತ್ತಬೇಕು. ಅಂಗಡಿಯ ಬಾಟಲಿ ಮೇಲೆ 0.001% ಎಂದಿದ್ದರೆ ಅದು ಬರೀ 10 ಪಿಪಿಎಂ. ನೀರು ಬೆರೆಸದೆ ಸುರಿದರೂ 500 ಮುಟ್ಟದು. ಬೀಜ ವರ್ಷಕ್ಕಿಂತ ಹಳೆಯದಾದರೆ ಔಷಧಕ್ಕೆ ದುಡ್ಡು ಹಾಕುವ ಮುನ್ನ ಒದ್ದೆ ಬಟ್ಟೆಯಲ್ಲಿ ನೂರು ಬೀಜ ಕಟ್ಟಿಟ್ಟು ಎಷ್ಟು ಮೊಳೆತವು ಎಂದು ಎಣಿಸಿ ನೋಡಿ.