ಮೂಳೆ ಸ್ಕ್ಯಾನ್‌ನಲ್ಲಿ ಹೊಟ್ಟೆಯೇಕೆ ಕಂಡಿತು?

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿರುವ ನನ್ನ ತಾಯಿಯ ಮೂಳೆ ಸ್ಕ್ಯಾನ್‌ನಲ್ಲಿ ಕುತ್ತಿಗೆಯ ಮುಂಭಾಗ ಮತ್ತು ಹೊಟ್ಟೆ ಕಪ್ಪಾಗಿ ಕಂಡಿವೆ. ರೋಗ ಅಲ್ಲಿಗೂ ಹರಡಿದೆಯೇ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅಷ್ಟರಲ್ಲಿ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ಬಂಧುವೊಬ್ಬರು ತೀರ್ಪನ್ನೂ ಕೊಟ್ಟಿರುತ್ತಾರೆ. ರೋಗಿಯ ದೇಹವನ್ನು ಶಂಕಿಸುವ ಮೊದಲು, ಚುಚ್ಚಿದ ಮದ್ದನ್ನು ಶಂಕಿಸಬೇಕು.

ಆ ಮದ್ದಿನಲ್ಲಿರುವ ವಿಕಿರಣಶೀಲ ಪದಾರ್ಥ ಟೆಕ್ನೀಷಿಯಂ-99ಎಂ ತಾನಾಗಿ ಮೂಳೆಗೆ ಹೋಗುವುದಿಲ್ಲ. ಬಾಟಲಿಯಲ್ಲಿರುವ ತವರದ ಲವಣದ ನೆರವಿನಿಂದ ಅದು ಎಂಡಿಪಿ ಎಂಬ ಫಾಸ್ಫೊನೇಟ್‌ಗೆ ಅಂಟಿಕೊಂಡಾಗ ಮಾತ್ರ ಮೂಳೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಟಲಿಯೊಳಗೆ ಗಾಳಿ ನುಸುಳಿದರೆ ತವರ ಕೆಡುತ್ತದೆ, ಅಂಟದೆ ಉಳಿದ ಟೆಕ್ನೀಷಿಯಂ, ಅಂದರೆ ಪರ್ಟೆಕ್ನಿಟೇಟ್, ಅಯೋಡಿನ್‌ನ ಹಾದಿ ಹಿಡಿದು ಕುತ್ತಿಗೆಯ ಮುಂಭಾಗದ ಥೈರಾಯ್ಡ್, ಜೊಲ್ಲುಗ್ರಂಥಿ ಮತ್ತು ಹೊಟ್ಟೆಯನ್ನು ಸೇರುತ್ತದೆ. ಇದನ್ನು ಪತ್ತೆಹಚ್ಚಲು ಬೆರಳುದ್ದದ ಕಾಗದದ ಪಟ್ಟಿ ಸಾಕು: ಅದರ ಬುಡಕ್ಕೆ ಒಂದು ಹನಿ ಮದ್ದು ಹಾಕಿ ಅಸಿಟೋನ್‌ನಲ್ಲಿ ನಿಲ್ಲಿಸಿದರೆ, ಅಂಟಿದ್ದು ಬುಡದಲ್ಲೇ ಉಳಿಯುತ್ತದೆ, ಬಿಡಿಯಾದದ್ದು ದ್ರವದೊಂದಿಗೆ ಮೇಲೇರುತ್ತದೆ. ಎರಡು ತುದಿಗಳ ವಿಕಿರಣವನ್ನೂ ಎಣಿಸಿ, ಸೇ. 95ಕ್ಕಿಂತ ಕಡಿಮೆ ಅಂಟಿದ್ದರೆ ಆ ಬಾಟಲಿಯನ್ನು ಬದಿಗಿಡಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ರೋಗಿಗಳ ಸಾಲು ಉದ್ದವಿದೆಯೆಂದು ಈ ಹತ್ತು ನಿಮಿಷವನ್ನು ಉಳಿಸಿದರು; ಅಂದು ಬಂದವರೆಲ್ಲರ ಚಿತ್ರದಲ್ಲೂ ಹೊಟ್ಟೆಯೇ ಕಪ್ಪಾಗಿ ಎದ್ದು ಕಂಡಿತು.

ಆದ್ದರಿಂದ ಅದೇ ಬಾಟಲಿಯಿಂದ ಮದ್ದು ಪಡೆದ ಇತರರ ಚಿತ್ರಗಳು ಹೇಗಿದ್ದವು ಎಂದು ಸ್ಕ್ಯಾನ್ ಮಾಡಿದ ವೈದ್ಯರನ್ನು ಕೇಳಿ. ಅವು ಸರಿಯಾಗಿದ್ದರೆ ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಅಗತ್ಯ, ಏಕೆಂದರೆ ಅದು ಬಹಳ ಏರಿದಾಗಲೂ ಹೊಟ್ಟೆ ಎಂಡಿಪಿಯನ್ನು ಹೀರಬಲ್ಲದು. ನಾನು ಫಿಲ್ಮ್ ನೋಡಿಲ್ಲ. ಪತ್ರ ಓದಿ 'ಏನೂ ಇಲ್ಲ' ಎನ್ನುವ ಧೈರ್ಯ ನನಗಿಲ್ಲ.

ಪ್ರಶ್ನೆ: ವಿಕಿರಣಶೀಲ ಫ್ಲೋರೈಡ್ ಚುಚ್ಚಿ ಮೂಳೆ ನೋಡುವ ಫ್ಲೋರೈಡ್ ಪೆಟ್ ಸ್ಕ್ಯಾನ್ ದುಬಾರಿ. ಹಾಗಾದರೆ ಅದೇ ಉತ್ತಮವೇ?

ಉತ್ತರ: ಚಿತ್ರ ಹೆಚ್ಚು ಸ್ಪಷ್ಟ, ನಿಜ, ಆದರೆ ಸವೆದ ಮಂಡಿಯೂ ಅಷ್ಟೇ ಸ್ಪಷ್ಟವಾಗಿ ಹೊಳೆದು ಗಾಬರಿ ಹುಟ್ಟಿಸುತ್ತದೆ. ಎರಡೂ ತೋರಿಸುವುದು ಮೂಳೆ ತನ್ನನ್ನು ದುರಸ್ತಿ ಮಾಡಿಕೊಳ್ಳುವ ಕೆಲಸವನ್ನು, ಕ್ಯಾನ್ಸರ್ ಕೋಶವನ್ನಲ್ಲ. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್‌ನಂತೆ ಮೂಳೆಯನ್ನು ಕೊರೆಯುವ, ದುರಸ್ತಿಗೆ ಆಸ್ಪದ ಕೊಡದ ರೋಗ ಎರಡರ ಕಣ್ಣನ್ನೂ ತಪ್ಪಿಸಬಹುದು.

ಪ್ರಶ್ನೆ: ಸ್ಕ್ಯಾನ್ ನಂತರ ವಿಕಿರಣ ಹೊರಹಾಕುವ ಪುಡಿ ತೆಗೆದುಕೊಳ್ಳಬೇಕೇ?

ಉತ್ತರ: ದುಡ್ಡು ಉಳಿಸಿಕೊಳ್ಳಿ. 6 ಗಂಟೆಗೊಮ್ಮೆ ಅರ್ಧಕ್ಕಿಳಿಯುವ ಟೆಕ್ನೀಷಿಯಂ 24 ಗಂಟೆಯಲ್ಲಿ ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಪುಡಿ ಮಾರುವವರು ಆ ಗಡಿಯಾರವನ್ನು ಒಂದು ಕ್ಷಣವೂ ವೇಗವಾಗಿ ಓಡಿಸಲಾರರು. ನೀರು ಕುಡಿಯಿರಿ, ಮೂತ್ರ ತಡೆಯಬೇಡಿ.

ಪ್ರಶ್ನೆ: ಈ ಸ್ಕ್ಯಾನ್‌ನಿಂದ ಮೂಳೆ ಸವೆತ ಅಳೆಯಬಹುದೇ?

ಉತ್ತರ: ಇಲ್ಲ. ಅದಕ್ಕೆ ಡೆಕ್ಸಾ ಎಂಬ, ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ ಪರೀಕ್ಷೆ ಇದೆ.