ಕೆವಿ, ಮಿಲಿಆಂಪ್ ಎರಡನ್ನೂ ಒಟ್ಟಿಗೆ ಓದಿ: ಇಎಸ್‌ಪಿ ಕುರಿತ ಓದುಗರ ಪ್ರಶ್ನೆಗಳು

ಬಾಯ್ಲರ್ ಮತ್ತು ಸಿಮೆಂಟ್ ಗೂಡುಗಳ ಹೊಗೆಯಿಂದ ಬೂದಿ ಹಿಡಿಯುವ ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್, ಅಂದರೆ ಇಎಸ್‌ಪಿಯ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇದರಲ್ಲಿ ಎಮಿಟಿಂಗ್ ಎಲೆಕ್ಟ್ರೋಡ್ ಎಂಬ ತಂತಿಗಳು ಬೂದಿಗೆ ಋಣ ಚಾರ್ಜ್ ಕೊಡುತ್ತವೆ, ಪ್ಲೇಟುಗಳು ಅದನ್ನು ಸೆಳೆದು ಹಿಡಿಯುತ್ತವೆ. ಹೈ ವೋಲ್ಟೇಜ್ ಎಲೆಕ್ಟ್ರಿಕಲ್‌ನವರ ಕೆಲಸ, ಪ್ಲೇಟಿಗೆ ಬಡಿದು ಬೂದಿ ಉದುರಿಸುವ ರ‍್ಯಾಪಿಂಗ್ ಮೆಕ್ಯಾನಿಕಲ್‌ನವರ ಕೆಲಸ ಎಂದು ಹಂಚಿಕೊಂಡಲ್ಲೇ ಹೆಚ್ಚಿನ ತೊಂದರೆಗಳು ಹುಟ್ಟಿವೆ. ಪ್ಲೇಟಿನ ಮೇಲೆ ಕೂತ ಧೂಳಿನ ಪದರ ಇಬ್ಬರಿಗೂ ಸೇರಿದ್ದು.

ಪ್ರಶ್ನೆ: ನಮ್ಮ ಇಎಸ್‌ಪಿಗೆ ನಾಲ್ಕು ಫೀಲ್ಡ್ (ಹೊಗೆ ಒಂದಾದ ಮೇಲೊಂದು ದಾಟುವ ವಿಭಾಗಗಳು). ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಕರೆಂಟ್ 800 ಮಿಲಿಆಂಪ್ ಮುಟ್ಟುತ್ತದೆ, ವೋಲ್ಟೇಜ್ 30 ಕೆವಿ ದಾಟುವುದಿಲ್ಲ. ಸ್ಪಾರ್ಕ್ ಒಂದೂ ಇಲ್ಲ. ಆದರೂ ಚಿಮಣಿಯಲ್ಲಿ ಧೂಳು ಕಾಣುತ್ತದೆ. ಕರೆಂಟ್ ಪೂರ್ತಿ ಹೋಗುತ್ತಿರುವಾಗ ಕೊರತೆ ಎಲ್ಲಿ?

ಉತ್ತರ: ಆ ಪೂರ್ತಿ ಕರೆಂಟೇ ನಿಮ್ಮ ತೊಂದರೆ. ನೀವು ಬರೆದಿರುವುದು ಬ್ಯಾಕ್ ಕರೋನಾದ ಲಕ್ಷಣ. ಕರೋನಾ ಎಂದರೆ ತಂತಿಯ ಸುತ್ತ ಗಾಳಿ ಅಯಾನುಗಳಾಗಿ ಒಡೆಯುವುದು; ಅದೇ ಪ್ಲೇಟಿನ ಕಡೆಯಿಂದ ಹಿಮ್ಮುಖವಾಗಿ ಆದರೆ ಬ್ಯಾಕ್ ಕರೋನಾ.

ಲೆಕ್ಕ ಹಾಕಿ ನೋಡೋಣ. ಒಂದು ಫೀಲ್ಡಿನ ಪ್ಲೇಟ್ ವಿಸ್ತೀರ್ಣ 4000 ಚದರ ಮೀಟರ್ ಎಂದಿಟ್ಟುಕೊಂಡರೆ 800 ಮಿಲಿಆಂಪ್ ಎಂದರೆ ಚದರ ಮೀಟರಿಗೆ 0.2 ಮಿಲಿಆಂಪ್. ಈ ಕರೆಂಟ್ ಪ್ಲೇಟಿಗೆ ಸೇರಬೇಕಾದರೆ ಬೂದಿಯ ಪದರವನ್ನು ದಾಟಿಯೇ ಹೋಗಬೇಕು. ಬೂದಿಯ ರೆಸಿಸ್ಟಿವಿಟಿ (ಕರೆಂಟಿಗೆ ಒಡ್ಡುವ ತಡೆ) 10¹¹ ಓಮ್-ಸೆಂ.ಮೀ. ಇದ್ದರೆ ಪದರದೊಳಗೆ ಸೆಂಟಿಮೀಟರಿಗೆ 2 ಕೆವಿ ಬೀಳುತ್ತದೆ, ಪದರ ತಡೆದುಕೊಳ್ಳುತ್ತದೆ. ಅದೇ 10¹² ಆದರೆ ಸೆಂಟಿಮೀಟರಿಗೆ 20 ಕೆವಿ. ಪದರದ ರಂಧ್ರಗಳಲ್ಲಿರುವ ಗಾಳಿ ಸಿಡಿದು ಅಲ್ಲಿಂದ ಧನ ಅಯಾನುಗಳು ಹಿಂದಕ್ಕೆ ಹೊರಡುತ್ತವೆ. ಎಮಿಟಿಂಗ್ ಎಲೆಕ್ಟ್ರೋಡ್ ಕೊಟ್ಟ ಋಣ ಚಾರ್ಜನ್ನು ಇವು ಅಳಿಸಿಹಾಕುತ್ತವೆ. ಮೀಟರ್ ಎರಡೂ ಕಡೆಯ ಕರೆಂಟನ್ನು ಕೂಡಿಸಿ ತೋರಿಸುವುದರಿಂದ ಕೆಲಸ ಜೋರಾಗಿ ನಡೆಯುತ್ತಿರುವಂತೆ ಕಾಣುತ್ತದೆ. ಕಡಿಮೆ ಗಂಧಕದ ಕಲ್ಲಿದ್ದಲಿನ ಬೂದಿ, ಅದರಲ್ಲೂ ಹೊಗೆಯ ಉಷ್ಣತೆ 130ರಿಂದ 150 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಈ ಕಾಟ ಕೊಡುವುದು ಹೆಚ್ಚು.

ಖಚಿತಪಡಿಸಿಕೊಳ್ಳಲು ಕಂಟ್ರೋಲರನ್ನು ಮ್ಯಾನ್ಯುಯಲ್‌ಗೆ ಹಾಕಿ, ಕರೆಂಟನ್ನು ಸೊನ್ನೆಯಿಂದ 50 ಮಿಲಿಆಂಪ್‌ನಂತೆ ಏರಿಸುತ್ತಾ ಪ್ರತಿ ಹೆಜ್ಜೆಗೂ ಕೆವಿ ಬರೆದುಕೊಳ್ಳಿ. ಆರೋಗ್ಯವಾಗಿರುವ ಫೀಲ್ಡಿನಲ್ಲಿ ಕರೋನಾ ಶುರುವಾಗುವವರೆಗೆ ಕರೆಂಟೇ ಇರುವುದಿಲ್ಲ. ಆಮೇಲೆ ಎರಡೂ ಜೊತೆಯಾಗಿ ಏರುತ್ತವೆ. ಬ್ಯಾಕ್ ಕರೋನಾ ಇದ್ದರೆ ಒಂದು ಹಂತ ದಾಟಿದ ಮೇಲೆ ಕರೆಂಟ್ ಏರಿದಂತೆ ಕೆವಿ ಇಳಿಯುತ್ತದೆ, ಗೆರೆ ಹಿಂದಕ್ಕೆ ಬಾಗುತ್ತದೆ. ಇನ್ಸುಲೇಟರ್ ಸೋರಿಕೆಯಾಗಿದ್ದರೆ ಚಿತ್ರವೇ ಬೇರೆ: 5 ಕೆವಿಯಲ್ಲೇ ಕರೆಂಟ್ ಹರಿಯಲು ಶುರುವಾಗಿ ನೇರ ಗೆರೆಯಲ್ಲಿ ಏರುತ್ತದೆ, ಅದೂ ಸಾಮಾನ್ಯವಾಗಿ ಒಂದೇ ಫೀಲ್ಡಿನಲ್ಲಿ.

ಮದ್ದು ಹೀಗೆ. ಗೆರೆ ಬಾಗಿದ ಬಿಂದುವಿಗಿಂತ ಸ್ವಲ್ಪ ಕೆಳಗೆ ಕರೆಂಟ್ ಮಿತಿ ಇಡಿ. ಅದು 200 ಮಿಲಿಆಂಪ್‌ಗೆ ಬಂದರೂ ಹೆದರಬೇಡಿ. ಮೇಲಿನ ಲೆಕ್ಕದಲ್ಲೇ ಪದರದ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಕಂಟ್ರೋಲರಿನಲ್ಲಿ ಇಂಟರ್ಮಿಟೆಂಟ್ ಚಾರ್ಜಿಂಗ್ ಇದ್ದರೆ ಇನ್ನೂ ಒಳ್ಳೆಯದು. 1:3 ಎಂದರೆ ಮೂರು ಅರ್ಧ ಸೈಕಲ್‌ಗಳಲ್ಲಿ ಒಂದಕ್ಕೆ ಮಾತ್ರ ಥೈರಿಸ್ಟರ್ (ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್) ಫೈರ್ ಆಗುತ್ತದೆ. ಪೀಕ್ ವೋಲ್ಟೇಜ್ ಉಳಿಯುತ್ತದೆ, ಸರಾಸರಿ ಕರೆಂಟ್ ಇಳಿಯುತ್ತದೆ. 1:3, 1:5, 1:7 ಹೀಗೆ ಬೆಸಸಂಖ್ಯೆಗಳೇ ಏಕೆ ಎಂದು ಇನ್ನೊಬ್ಬ ಓದುಗರು ಕೇಳಿದ್ದಾರೆ. ಬೆಸ ಅಂತರದಲ್ಲಿ ಫೈರ್ ಮಾಡಿದರೆ ಒಂದು ಸಲ ಧನ ಅರ್ಧ, ಮುಂದಿನ ಸಲ ಋಣ ಅರ್ಧ ಟ್ರಾನ್ಸ್‌ಫಾರ್ಮರಿಗೆ ಸಿಗುತ್ತದೆ. ಸಮಸಂಖ್ಯೆಯಾದರೆ ಪ್ರತಿ ಸಲವೂ ಒಂದೇ ದಿಕ್ಕಿನ ಅರ್ಧ ಬಂದು ಕೋರ್ ಸ್ಯಾಚುರೇಟ್ ಆಗುತ್ತದೆ.

1:3ರಿಂದ ಶುರುಮಾಡಿ. ಒಂದು ಸಲಕ್ಕೆ ಒಂದೇ ಫೀಲ್ಡ್ ಬದಲಿಸಿ, ಚಿಮಣಿ ಹೊಗೆಯ ದಟ್ಟಣೆ ತೋರಿಸುವ ಓಪಾಸಿಟಿ ಮೀಟರನ್ನು ಕೆಲವು ಗಂಟೆ ಗಮನಿಸಿ ಮುಂದಿನ ಹೆಜ್ಜೆ ಇಡಿ. ನಾಲ್ಕೂ ಫೀಲ್ಡುಗಳನ್ನು ಒಂದೇ ದಿನ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇಷ್ಟಾದ ಮೇಲೂ ಧೂಳು ತಗ್ಗದಿದ್ದರೆ ಹೊಗೆಗೆ ಸಲ್ಫರ್ ಟ್ರೈಆಕ್ಸೈಡ್ ಅಥವಾ ಅಮೋನಿಯಾ ಸೇರಿಸುವುದು, ಉಷ್ಣತೆ ಇಳಿಸುವುದು ಮುಂದಿನ ದಾರಿಗಳು.

ಪ್ರಶ್ನೆ: ನಮ್ಮದು ಉಲ್ಟಾ. ಮೊದಲ ಫೀಲ್ಡಿನಲ್ಲಿ 55 ಕೆವಿ, ಕರೆಂಟ್ ಬರೀ 60 ಮಿಲಿಆಂಪ್. ಕಂಟ್ರೋಲರ್ ಕಾರ್ಡ್ ಬದಲಿಸಬೇಕೆ?

ಉತ್ತರ: ಬೇಡ. ಮೊದಲ ಫೀಲ್ಡಿಗೆ ಸಣ್ಣ ಕಣಗಳು ಹೇರಳವಾಗಿ ಬರುತ್ತವೆ. ಚಾರ್ಜ್ ಹೊತ್ತ ಕಣಗಳು ಅಯಾನುಗಳಿಗಿಂತ ತುಂಬ ನಿಧಾನ, ಅವೇ ನಡುವೆ ತುಂಬಿಕೊಂಡು ಕರೋನಾವನ್ನು ಅದುಮುತ್ತವೆ. ಲೋಡ್ ಇಳಿದಾಗ ಕರೆಂಟ್ ತಾನಾಗಿ ಏರುತ್ತದೆಯೇ ನೋಡಿ. ಏರಿದರೆ ಕಾರಣ ಇದೇ. ಏರದಿದ್ದರೆ ಎಮಿಟಿಂಗ್ ಎಲೆಕ್ಟ್ರೋಡಿನ ಮೇಲೆ ಬೂದಿ ಗಂಟುಗಟ್ಟಿದೆ ಎಂದು ಅನುಮಾನಿಸಿ. ತಂತಿ ದಪ್ಪವಾದಷ್ಟೂ ಕರೋನಾ ತಡವಾಗಿ ಶುರುವಾಗುತ್ತದೆ. ಎಮಿಟಿಂಗ್ ರ‍್ಯಾಪಿಂಗ್ ಮೋಟಾರ್ ತಿರುಗುತ್ತಿದೆಯೇ, ಶಾಫ್ಟಿನ ನಡುವಿನ ಇನ್ಸುಲೇಟರ್ ಮುರಿದು ಮೋಟಾರ್ ಬರಿದೇ ಸುತ್ತುತ್ತಿದೆಯೇ ಎಂದು ಪರಿಶೀಲಿಸಿ. ಎರಡನೆಯದು ಹಲವರ ಕಣ್ಣು ತಪ್ಪಿಸುತ್ತದೆ, ಏಕೆಂದರೆ ಪ್ಯಾನೆಲಿನ ದೀಪ ಎಂದಿನಂತೆ ಹಸಿರಾಗಿಯೇ ಇರುತ್ತದೆ.

ಪ್ರಶ್ನೆ: ಎಲ್ಲ ಫೀಲ್ಡುಗಳ ರ‍್ಯಾಪಿಂಗನ್ನೂ 10 ನಿಮಿಷಕ್ಕೆ ಒಂದರಂತೆ ಇಟ್ಟಿದ್ದೇವೆ. ಪ್ರತಿ ಸಲವೂ ಚಿಮಣಿಯಿಂದ ಧೂಳಿನ ಗುಪ್ಪೆ ಹೊರಡುತ್ತದೆ. ಹೊಡೆತ ಕಡಿಮೆ ಮಾಡಬೇಕೆ, ಹೆಚ್ಚು ಮಾಡಬೇಕೆ?

ಉತ್ತರ: ಹೊಡೆತದ ಬಲಕ್ಕೆ ಈಗಲೇ ಕೈ ಹಾಕಬೇಡಿ, ಅಂತರ ಬದಲಿಸಿ. ಪ್ರತಿ ಫೀಲ್ಡ್ ತನಗೆ ಬಂದುದರಲ್ಲಿ ಶೇ. 80 ಹಿಡಿಯುತ್ತದೆ ಎನ್ನೋಣ. ಒಳಗೆ ಬಂದ 100 ಕಿಲೋ ಬೂದಿಯಲ್ಲಿ ಮೊದಲ ಫೀಲ್ಡಿಗೆ 80, ಎರಡನೆಯದಕ್ಕೆ 16, ಮೂರನೆಯದಕ್ಕೆ 3.2, ನಾಲ್ಕನೆಯದಕ್ಕೆ 0.64 ಕಿಲೋ. ಕೊನೆಯ ಫೀಲ್ಡಿಗೆ ಸಿಗುವುದು ಮೊದಲನೆಯದರ 125ನೇ ಒಂದು ಭಾಗ. 10 ನಿಮಿಷದಲ್ಲಿ ಅಲ್ಲಿ ಪದರವೇ ಕಟ್ಟಿರುವುದಿಲ್ಲ. ಪದರ ಕಟ್ಟಿದ ಬೂದಿ ಹೊಡೆತಕ್ಕೆ ಹಪ್ಪಳದಂತೆ ಹಾಳೆಹಾಳೆಯಾಗಿ ಕಳಚಿ ಕೆಳಗಿನ ಬೂದಿ ತೊಟ್ಟಿಗೆ, ಅಂದರೆ ಹಾಪರಿಗೆ ಬೀಳುತ್ತದೆ. ಪದರ ಕಟ್ಟದ ಬೂದಿ ಪುಡಿಯಾಗಿ ಹಾರಿ ಹೊಗೆಯೊಂದಿಗೆ ಹೋಗುತ್ತದೆ. ಕೊನೆಯ ಫೀಲ್ಡಿನ ಹಿಂದೆ ಅದನ್ನು ಮತ್ತೆ ಹಿಡಿಯಲು ಏನೂ ಇಲ್ಲ.

ಮೊದಲ ಫೀಲ್ಡಿಗೆ 10 ನಿಮಿಷವೇ ಇರಲಿ. ಎರಡನೆಯದಕ್ಕೆ 50 ನಿಮಿಷ, ಮೂರನೆಯದಕ್ಕೆ 4 ಗಂಟೆ. ನಾಲ್ಕನೆಯದಕ್ಕೆ ಲೆಕ್ಕದಂತೆ 20 ಗಂಟೆಗೂ ಮೇಲೆ ಬರುತ್ತದೆ, ಆದರೆ ಅಲ್ಲಿಗೆ ಬರುವ ನಯವಾದ ಬೂದಿ ಗಟ್ಟಿಯಾಗಿ ಅಂಟುವುದರಿಂದ 8ರಿಂದ 12 ಗಂಟೆಯಲ್ಲಿ ಶುರುಮಾಡುವುದು ಜಾಣತನ. ಹೊಗೆಯ ಒಂದೇ ದಾರಿಯಲ್ಲಿರುವ ಎರಡು ಫೀಲ್ಡುಗಳು ಒಟ್ಟಿಗೆ ಹೊಡೆಯದಂತೆ ಇಂಟರ್‌ಲಾಕ್ ಹಾಕಿ.

ಸುತ್ತಿಗೆ ಸಾಲು ಜೋಡಿಸಿದ ಶಾಫ್ಟ್ ಇರುವವರು ಟೈಮರನ್ನು ಇನ್ನೊಂದು ಕಾರಣಕ್ಕೂ ನೋಡಬೇಕು. ಶಾಫ್ಟಿನ ಮೇಲೆ ಸುತ್ತಿಗೆಗಳು ಬೇರೆ ಬೇರೆ ಕೋನದಲ್ಲಿರುತ್ತವೆ. ಶಾಫ್ಟ್ ಒಂದು ಪೂರ್ತಿ ಸುತ್ತು ತಿರುಗಿದರೆ ಪ್ರತಿ ಸಾಲಿಗೂ ಒಂದೊಂದು ಪೆಟ್ಟು. ಮೋಟಾರ್ ಮುಕ್ಕಾಲು ಸುತ್ತಿನಲ್ಲೇ ನಿಂತರೆ ಪ್ರತಿ ಸಲವೂ ಕೆಲವು ಸಾಲುಗಳಿಗೆ ಪೆಟ್ಟೇ ಬೀಳುವುದಿಲ್ಲ. ಶಾಫ್ಟ್ ಒಂದು ಸುತ್ತು ತಿರುಗಲು ಎಷ್ಟು ಸೆಕೆಂಡ್ ಬೇಕೆಂದು ಸ್ಟಾಪ್‌ವಾಚ್ ಹಿಡಿದು ಅಳೆದು, ಟೈಮರನ್ನು ಅಷ್ಟಕ್ಕೇ ಇಡಿ.

ಅಂತರ ಸರಿಯಾದ ಮೇಲೂ ಪ್ಲೇಟ್ ಚೊಕ್ಕಟವಾಗದಿದ್ದರೆ ಆಗ ಪೆಟ್ಟು ನೋಡಿ. ಹಾರುಬೂದಿಗೆ ಪ್ಲೇಟಿನ ತೀರ ದೂರದ ಮೂಲೆಯಲ್ಲೂ ಗುರುತ್ವದ ಸುಮಾರು 100 ಪಟ್ಟು ವೇಗೋತ್ಕರ್ಷ ತಲುಪಬೇಕು. ಸುತ್ತಿಗೆ ಆ್ಯನ್ವಿಲಿನ (ಪೆಟ್ಟು ತಿನ್ನುವ ಉಕ್ಕಿನ ತುಂಡು) ನಡುವಿಗೆ ಬೀಳದೆ ಅಂಚಿಗೆ ಬಡಿದರೆ ಬಲದ ಒಂದಷ್ಟು ಪಾಲು ಅಲ್ಲೇ ಹೋಗುತ್ತದೆ. ಮೇಲಿಂದ ತೂಗುಬಿಟ್ಟ 12 ಮೀಟರ್ ಉಕ್ಕಿನ ಪ್ಲೇಟ್ 120 ಡಿಗ್ರಿ ಬಿಸಿಯಾದರೆ ಸುಮಾರು 17 ಮಿ.ಮೀ. ಉದ್ದವಾಗುತ್ತದೆ. ಕವಚವೂ ಹಿಗ್ಗುವುದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಕಡಿಮೆ, ಆದರೆ ಇದ್ದೇ ಇರುತ್ತದೆ. ಹಾಗಾಗಿ ತಣ್ಣಗಿರುವಾಗ ಕಣ್ಣಳತೆಯಲ್ಲಿ ನಡುವಿಗೆ ಕೂರಿಸದೆ, ಡ್ರಾಯಿಂಗ್ ಹೇಳಿದಷ್ಟು ಕೆಳಗೇ ಹೊಂದಿಸಿ.

ಬ್ಯಾಕ್ ಕರೋನಾ ಇರುವ ಕಡೆ ಬೂದಿಯನ್ನು ವಿದ್ಯುತ್ ಬಲವೇ ಪ್ಲೇಟಿಗೆ ಒತ್ತಿ ಹಿಡಿದಿರುತ್ತದೆ. ಅಲ್ಲಿ ಲೋಡ್ ಕಡಿಮೆ ಇರುವ ಹೊತ್ತಿನಲ್ಲಿ ಒಂದು ಫೀಲ್ಡಿನ ವೋಲ್ಟೇಜ್ ಇಳಿಸಿ ಅಥವಾ ಪೂರ್ತಿ ತೆಗೆದು ರ‍್ಯಾಪಿಂಗ್ ಮಾಡಿ. ಅದಕ್ಕೂ ಮೊದಲು ಆ ಹಾಪರ್ ಖಾಲಿಯಿರಲಿ.

ಪ್ರಶ್ನೆ: ಆನ್ ಮಾಡಿದ ತಕ್ಷಣ ಕರೆಂಟ್ ಪೂರ್ತಿ ಏರಿ ಟ್ರಿಪ್ ಆಗುತ್ತದೆ, ಕೆವಿ ಸೊನ್ನೆ. ದೋಷ ಟಿಆರ್ ಸೆಟ್ಟಿನಲ್ಲೋ (ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್-ರೆಕ್ಟಿಫೈಯರ್) ಫೀಲ್ಡಿನ ಒಳಗೋ?

ಉತ್ತರ: ಫೀಲ್ಡನ್ನು ಬೇರ್ಪಡಿಸಿ, ಟಿಆರ್ ಸೆಟ್ಟಿನ ಔಟ್‌ಪುಟ್ ತೆರೆದಿಟ್ಟು ಮ್ಯಾನ್ಯುಯಲ್‌ನಲ್ಲಿ ನಿಧಾನವಾಗಿ ಏರಿಸಿ. ಕರೆಂಟ್ ಇಲ್ಲದೆ ಕೆವಿ ಚುರುಕಾಗಿ ಏರಿದರೆ ಟಿಆರ್ ಸೆಟ್ ಸರಿಯಿದೆ, ಶಾರ್ಟ್ ಒಳಗಿದೆ. ಕೆವಿ ಏರದೆ ಪ್ರೈಮರಿ ಕರೆಂಟ್ ಮಾತ್ರ ಜಿಗಿದರೆ ಡಯೋಡ್ ಅಥವಾ ವೈಂಡಿಂಗ್ ಹೋಗಿದೆ.

ಶಾರ್ಟ್ ಒಳಗಿದ್ದರೆ ಮೊದಲು ಹಾಪರ್ ನೋಡಿ. ಬೂದಿ ತುಂಬಿ ಎಲೆಕ್ಟ್ರೋಡ್ ಮುಟ್ಟಿರುವುದೇ ಹೆಚ್ಚು. ತಂತಿ ತುಂಡಾಗಿ ಪ್ಲೇಟಿಗೆ ತಾಗಿರುವುದು ಅದರ ನಂತರ. ತುಂಡು ತಂತಿ ಗಾಳಿಗೆ ಓಲಾಡುತ್ತಿದ್ದರೆ ಕೆವಿ ಸ್ಥಿರವಾಗಿ ಸೊನ್ನೆಯಾಗದೆ ಮೇಲೆ ಕೆಳಗೆ ಹೊಯ್ದಾಡುತ್ತದೆ. ಬೂದಿ ತುಂಬಿದ ಫೀಲ್ಡನ್ನು ಮತ್ತೆ ಮತ್ತೆ ರಿಸೆಟ್ ಮಾಡಬೇಡಿ. ಕರೆಂಟ್ ಬೂದಿಯ ಮೂಲಕ ಹರಿದು ಅದನ್ನು ಕಲ್ಲಿನಂತೆ ಗಟ್ಟಿಮಾಡುತ್ತದೆ, ಕೆಳಗಿನಿಂದ ಒತ್ತಿದ ಬೂದಿ ಎಲೆಕ್ಟ್ರೋಡ್ ಚೌಕಟ್ಟನ್ನು ಓರೆ ಮಾಡುತ್ತದೆ. ಹಾಪರ್ ಬಾಗಿಲನ್ನು ತುಂಬಿದ ಸ್ಥಿತಿಯಲ್ಲಿ ಎಂದೂ ತೆರೆಯಬಾರದು: ಬಿಸಿ ಬೂದಿ ನೀರಿನಂತೆ ನುಗ್ಗಿ ಬರುತ್ತದೆ, ಪ್ರಾಣ ತೆಗೆಯುತ್ತದೆ.

ಪ್ರಶ್ನೆ: ಪ್ರತಿ ಸ್ಟಾರ್ಟಪ್‌ನಲ್ಲೂ ಸಪೋರ್ಟ್ ಇನ್ಸುಲೇಟರ್ ಬಿರುಕು ಬಿಡುತ್ತಿದೆ.

ಉತ್ತರ: ತಣ್ಣನೆಯ ಇನ್ಸುಲೇಟರ್ ಮೇಲೆ ಹೊಗೆಯ ತೇವ ಇಳಿದು, ಬೂದಿ ಅಂಟಿ, ಅದರ ಮೇಲೆ ಕರೆಂಟ್ ಹರಿದು ಪಿಂಗಾಣಿ ಒಡೆಯುತ್ತದೆ. ಹೀಟರುಗಳನ್ನು ಹೊಗೆ ಬಿಡುವ ಹಲವು ಗಂಟೆ ಮೊದಲೇ ಹಾಕಿ; ಕೈಪಿಡಿಯಲ್ಲಿ ಕೊಟ್ಟ ಅವಧಿಯನ್ನು ಅವಸರಕ್ಕೆ ಮೊಟಕು ಮಾಡಬೇಡಿ. ಪ್ರತಿ ಹೀಟರಿನ ಕರೆಂಟನ್ನೂ ಕ್ಲ್ಯಾಂಪ್ ಮೀಟರಿನಲ್ಲಿ ಅಳೆಯಿರಿ, ಸ್ವಿಚ್ ಆನ್ ಇದ್ದ ಮಾತ್ರಕ್ಕೆ ಕಾಯಿಲ್ ಬಿಸಿಯಾಗಿದೆ ಎಂದರ್ಥವಲ್ಲ. ಇನ್ಸುಲೇಟರಿನತ್ತ ಹೊಗೆ ಬಾರದಂತೆ ಊದುವ ಪರ್ಜ್ ಗಾಳಿಯ ಫಿಲ್ಟರ್ ಕಟ್ಟಿಕೊಂಡಿದ್ದರೆ ಹೊಗೆ ಮೇಲಕ್ಕೆ ಬರುತ್ತದೆ, ಅದನ್ನೂ ನೋಡಿ. ಎಣ್ಣೆ ಉರಿಸುವ ಹಂತದಲ್ಲಿ ಫೀಲ್ಡ್ ಆನ್ ಮಾಡದಿರುವುದು ಲೇಸು. ಉರಿಯದೆ ಬಂದ ಎಣ್ಣೆ ಎಲ್ಲದಕ್ಕೂ ಅಂಟುತ್ತದೆ, ಸ್ಪಾರ್ಕಿಗೆ ಬೆಂಕಿಯೂ ಹತ್ತಬಹುದು.

ಪ್ರಶ್ನೆ: ಸಿಂಗಲ್ ಫೇಸ್ ಟಿಆರ್ ಸೆಟ್ ತೆಗೆದು ಹೈ ಫ್ರೀಕ್ವೆನ್ಸಿ ಸೆಟ್ ಹಾಕಿದರೆ ಲಾಭವಿದೆಯೆ?

ಉತ್ತರ: ಸ್ಪಾರ್ಕ್‌ನಿಂದ ಮಿತಿಗೊಂಡ ಫೀಲ್ಡಿನಲ್ಲಿ ಇದೆ. 50 ಹರ್ಟ್ಸ್ ಪೂರೈಕೆಯ ಸಿಂಗಲ್ ಫೇಸ್ ಸೆಟ್ಟಿನಲ್ಲಿ ವೋಲ್ಟೇಜ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸ್ಪಾರ್ಕ್ ಆಗುವುದು ಶಿಖರದಲ್ಲಿ, ಸರಾಸರಿ ಅದಕ್ಕಿಂತ ಬಹಳ ಕೆಳಗೆ. ಹೈ ಫ್ರೀಕ್ವೆನ್ಸಿಯಲ್ಲಿ ಏರಿಳಿತ ಅತ್ಯಲ್ಪವಾದ್ದರಿಂದ ಸರಾಸರಿಯೇ ಶಿಖರದ ಹತ್ತಿರ ನಿಲ್ಲುತ್ತದೆ. ಮೊದಲ ಫೀಲ್ಡಿಗೆ ಹಾಕಿದರೆ ಫಲ ಹೆಚ್ಚು. ಬ್ಯಾಕ್ ಕರೋನಾ ಇರುವ ಕೊನೆಯ ಫೀಲ್ಡಿಗೆ ಇದನ್ನು ಸತತವಾಗಿ ಹರಿಸಿದರೆ ರೋಗ ಉಲ್ಬಣಿಸುತ್ತದೆ. ಪ್ಲೇಟ್ ಬಾಗಿ ಅಂತರ ಕೆಟ್ಟಿದ್ದರೆ ಹಣ ಮೊದಲು ಅಲ್ಲಿಗೆ ಹೋಗಲಿ, 200 ಮಿ.ಮೀ. ಇರಬೇಕಾದ ಕಡೆ ಒಂದೇ ಒಂದು ಜಾಗ 150 ಆಗಿದ್ದರೂ ಇಡೀ ಫೀಲ್ಡ್ ಅಲ್ಲಿಯ ಸ್ಪಾರ್ಕಿಗೆ ಕಟ್ಟುಬಿದ್ದಿರುತ್ತದೆ.

ಪ್ರಶ್ನೆ: ಒಳಗಿಳಿಯುವ ಮೊದಲು ಬ್ರೇಕರ್ ತೆಗೆದರೆ ಸಾಲದೆ?

ಉತ್ತರ: ಖಂಡಿತ ಸಾಲದು. ಆ ಕವಚದೊಳಗಿನ ಎಲ್ಲ ಫೀಲ್ಡುಗಳೂ ಆಫ್ ಆಗಿ, ಅರ್ತಿಂಗ್ ಸ್ವಿಚ್ ಹಾಕಿ, ಕೀ ಇಂಟರ್‌ಲಾಕ್ ಕ್ರಮದಲ್ಲೇ ಬಾಗಿಲು ತೆರೆಯಬೇಕು. ಒಳಗೆ ಆಮ್ಲಜನಕವನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಅಳೆಯಿರಿ, ಹಾಪರುಗಳು ಖಾಲಿಯಾಗಿವೆಯೇ ನೋಡಿ. ಎಲೆಕ್ಟ್ರೋಡುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅರ್ತಿಂಗ್ ಕೋಲಿನ ಕ್ಲ್ಯಾಂಪನ್ನು ಮೊದಲು ಭೂಮಿಗೆ ಕಚ್ಚಿಸಿ, ಆಮೇಲೆ ಕೊಕ್ಕೆಯನ್ನು ಎಲೆಕ್ಟ್ರೋಡಿಗೆ ಮುಟ್ಟಿಸಿ. ಪ್ರತಿ ಫೀಲ್ಡಿಗೂ ಬೇರೆ ಕೋಲು, ಕೆಲಸ ಮುಗಿಯುವವರೆಗೂ ಅಲ್ಲೇ ಇರಲಿ. ಒಳಗೆ ಹೋದ ಕೋಲುಗಳಿಗೂ ಜನರಿಗೂ ಲೆಕ್ಕ ಬರೆದಿಡಿ, ಬಾಗಿಲು ಮುಚ್ಚುವ ಮೊದಲು ಎರಡನ್ನೂ ಎಣಿಸಿ. ಒಳಗೆ ಮರೆತ ಒಂದು ಅರ್ತಿಂಗ್ ಕೋಲೂ ಪ್ಯಾನೆಲಿನಲ್ಲಿ ಪೂರ್ತಿ ಮಿಲಿಆಂಪ್, ಸೊನ್ನೆ ಕೆವಿಯನ್ನೇ ತೋರಿಸುತ್ತದೆ.