ಗುಡ್ಡ ಕುಸಿದಾಗ ಟೆಂಡರ್ ಇಲ್ಲದೆ ಕೊಡುವ ಕೆಲಸದಲ್ಲಿ ದುಡ್ಡು ಎಲ್ಲಿ ಸೋರುತ್ತದೆ?

ನೆರೆ ಬಂದಾಗ, ಗುಡ್ಡ ಕುಸಿದಾಗ ಟೆಂಡರ್ ಕರೆಯದೆ ಕೆಲಸ ಕೊಡುತ್ತಾರಲ್ಲ, ದುಡ್ಡು ಹೊಡೆಯಲೆಂದೇ ಹಾಗೆ ಮಾಡುತ್ತಾರಾ ಎಂದು ಕೇಳಿದ್ದೀರಿ. ನಾನು ಅಂಕೋಲಾ ಕಡೆಯವನು, ಇದನ್ನು ಹತ್ತಿರದಿಂದ ನೋಡಿದ್ದೇನೆ.

ಟೆಂಡರ್ ಇಲ್ಲದಿರುವುದೇ ತಪ್ಪಲ್ಲ. ಸರ್ಕಾರ ವಿಕೋಪ ಎಂದು ಘೋಷಿಸಿದ ಅವಧಿಗೆ ಸರ್ಕಾರಿ ಖರೀದಿ, ಕಾಮಗಾರಿಗೆ ಟೆಂಡರ್ ಕಡ್ಡಾಯ ಮಾಡುವ 1999ರ ಕೆಟಿಪಿಪಿ ಕಾಯ್ದೆಯ 4ನೇ ಕಲಮೇ ವಿನಾಯಿತಿ ಕೊಡುತ್ತದೆ. ಕೊಡಲೇಬೇಕು. 2024ರ ಜುಲೈ 16ರಂದು ನಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿದ್ದಾಗ ಮಣ್ಣಿನಡಿ ಜನ ಇದ್ದರು. ಆಗ ಟೆಂಡರ್ ಕರೆದು ಕೂರೋಕಾಗುತ್ತಾ?

ಸೋರುವುದು ಅಳತೆಯಲ್ಲಿ. ಕಟ್ಟಿದ ರಸ್ತೆಯನ್ನು ವರ್ಷ ಬಿಟ್ಟೂ ಟೇಪ್ ಹಿಡಿದು ಅಳೆಯಬಹುದು. ತೆಗೆದು ಸಾಗಿಸಿದ ಮಣ್ಣನ್ನು ಎಲ್ಲಿ ಹುಡುಕುತ್ತೀರಿ? ಜೆಸಿಬಿಗೆ ಗಂಟೆ ಲೆಕ್ಕ, ಟಿಪ್ಪರ್‌ಗೆ ಟ್ರಿಪ್ ಲೆಕ್ಕ. ಎಂ.ಬಿ. ಅಂದರೆ ಕೆಲಸದ ಅಳತೆ ಬರೆದಿಡುವ ಪುಸ್ತಕ, ಅದರಲ್ಲಿ ಎಂಜಿನಿಯರ್ ಬರೆದದ್ದೇ ಕೊನೆ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ನದಿ ಉಕ್ಕಿದ ಮೇಲೆ ನಮ್ಮ ಕೇರಿಯ ಚರಂಡಿ ಹೂಳು ತೆಗೆದ ಕೆಲಸದ ಲಾಗ್ ಶೀಟ್, ಅಂದರೆ ಯಂತ್ರ ಯಾವ ದಿನ ಎಷ್ಟು ಗಂಟೆ ಓಡಿತು ಎಂಬ ಲೆಕ್ಕದ ಹಾಳೆ, ತರಿಸಿದೆ. ಊರಿನ ರಸ್ತೆ ಇನ್ನೂ ನೀರಲ್ಲಿದ್ದ ದಿನ, ದೋಣಿ ಬಿಟ್ಟು ಏನೂ ಒಳಗೆ ಬರಲಾಗದ ದಿನ, ಜೆಸಿಬಿ ಎಂಟು ಗಂಟೆ ಓಡಿದೆ ಎಂದು ಅದರಲ್ಲಿತ್ತು! ಎಲ್ಲ ದಿನಕ್ಕೂ ಒಂದೇ ಪೆನ್ನು, ಒಂದೇ ಕೈಬರಹ. ಅಕ್ಕಿ ಬೇಳೆ ಎಲ್ಲ ನೆನೆದು ಹೋದ ಮನೆಗಳ ಹೆಸರಲ್ಲಿ ಬಂದ ದುಡ್ಡು ಅದು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೊಂದಿದೆ. ಮಣ್ಣು ತೆಗೆಯಲು ಸರ್ಕಾರದಿಂದ ಬಿಲ್, ಅದೇ ಮಣ್ಣನ್ನು ಯಾರದೋ ಸೈಟ್ ತುಂಬಿಸಲು ಮಾರಿ ಮತ್ತೊಂದು ದುಡ್ಡು. ಗುತ್ತಿಗೆದಾರರೊಬ್ಬರೇ ಕಳ್ಳರು ಅಂತಲೂ ಅಲ್ಲ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಜನಪ್ರತಿನಿಧಿಗಳು, ಅಧಿಕಾರಿಗಳು 40 ಪರ್ಸೆಂಟ್ ಕಮಿಷನ್ ಕೇಳುತ್ತಾರೆ ಎಂದು ಪ್ರಧಾನಿಗೆ ಪತ್ರ ಬರೆದಿತ್ತು. ಕಮಿಷನ್ ಕೊಟ್ಟವನು ಅದನ್ನು ಬಿಲ್ಲಿನಲ್ಲೇ ಎತ್ತುತ್ತಾನೆ, ಅಲ್ವಾ?

ನಿಮ್ಮೂರಲ್ಲಿ ಹೀಗಾದರೆ ಮಣ್ಣು ಎತ್ತುವ ಮೊದಲೇ ರಾಶಿಯ ಫೋಟೋ ತೆಗೆಯಿರಿ, ತಾರೀಖು ಇರಲಿ. ಗಾಡಿ ನಂಬರ್ ಬರೆದಿಡಿ. ಆಮೇಲೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. ಸುಮ್ನೆ 'ಖರ್ಚಿನ ವಿವರ' ಎಂದರೆ ಒಂದು ಸಾಲಿನ ಉತ್ತರ ಬರುತ್ತದೆ. ವರ್ಕ್ ಆರ್ಡರ್, ಎಂ.ಬಿ. ಪ್ರತಿ, ಲಾಗ್ ಶೀಟ್, ಟ್ರಿಪ್ ಶೀಟ್ ಎಂದು ಹೆಸರು ಹಿಡಿದು ಕೇಳಿ. 30 ದಿನದಲ್ಲಿ ಕೊಡಬೇಕು, ಕೊಡದಿದ್ದರೆ ಅಪೀಲು ಹೋಗಿ. ತಾಳೆಯಾಗದಿದ್ದರೆ ಫೋಟೋ, ಶೀಟ್ ಎರಡನ್ನೂ ಲಗತ್ತಿಸಿ ಲೋಕಾಯುಕ್ತಕ್ಕೆ ದೂರು ಕೊಡಿ.